ಗುರುವಾರದ ಪಟ್ಟಿ

ಸೆಪ್ಟೆಂಬರ್ ಕೊನೆಯ ವಾರ ಮೆಲ್ಬರ್ನ್‌ನಲ್ಲಿ ಯಾರನ್ನಾದ್ರೂ ಮಾತಾಡಿಸಿ ನೋಡಿ. ಚಳಿ-ಮಳೆ ಅಂತ ಶುರುವಾದ ಮಾತು ಎರಡೇ ನಿಮಿಷದಲ್ಲಿ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತೆ: "ಅವನನ್ನ ಆಡಿಸ್ತಾರಾ?" ಅವನು ಅಂದ್ರೆ ಯಾರು ಅಂತ ಕೇಳುವ ಹಾಗಿಲ್ಲ, ಗೊತ್ತಿರಬೇಕು. ಒಂದು ವರ್ಷ ಅವನು ಕಾಲಿನ ಸ್ನಾಯು ಹಿಡಿದುಕೊಂಡಿರುವ ಕ್ಯಾಪ್ಟನ್ ಆಗಿರ್ತಾನೆ, ಇನ್ನೊಂದು ವರ್ಷ ಭುಜ ಕಳಚಿಕೊಂಡ ಎತ್ತರದ ಆಳು. ಗ್ರ್ಯಾಂಡ್ ಫೈನಲ್ ಶನಿವಾರ. ಆದರೆ ಈ ಊರಿನ ಜನಕ್ಕೆ ಅದು ಶುರುವಾಗೋದು ಗುರುವಾರ ಸಂಜೆ, ಎರಡೂ ತಂಡಗಳ ಹೆಸರಿನ ಪಟ್ಟಿ ಹೊರಬಿದ್ದಾಗ.

ನಮ್ಮಲ್ಲೂ ಕ್ರಿಕೆಟ್ ತಂಡ ಪ್ರಕಟವಾದಾಗ ಬೈಟು ಕಾಫಿ ಮುಂದಿಟ್ಟುಕೊಂಡು ಜಗಳ ಆಡಿದವರೇ ಎಲ್ಲಾ. ಆದ್ರೆ ಈ ಫುಟಿ ಜನರ ಜಗಳಕ್ಕೆ ಬೇರೆಯದೇ ಒಂದು ತೀವ್ರತೆ ಇದೆ. ಯಾಕೆ ಹೀಗೆ ಅಂತ ಕೆದಕುತ್ತಾ ಹೋದರೆ ನೂರೈವತ್ತು ವರ್ಷದ ಒಂದು ಕಥೆಯೇ ಬಿಚ್ಚಿಕೊಳ್ಳುತ್ತೆ. ಅದನ್ನ ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳ್ತೀನಿ.

ಮೊದಲು ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು ಸಾಕರ್ ಅಲ್ಲ, ರಗ್ಬಿಯೂ ಅಲ್ಲ. ಕ್ರಿಕೆಟ್ ಆಡುವಷ್ಟು ದೊಡ್ಡ ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಕಂಬದ ಸಂದಿಯಲ್ಲಿ ಹೋದರೆ ಬಿಹೈಂಡ್, ಒಂದು ಅಂಕ. 1859ರ ಮೇ ತಿಂಗಳಲ್ಲಿ ಟಾಮ್ ವಿಲ್ಸ್ ಮತ್ತು ಅವನ ಗೆಳೆಯರು ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬಿಗಾಗಿ ಹತ್ತು ನಿಯಮ ಬರೆದರು, ಅಲ್ಲಿಂದ ಬೆಳೆದ ಆಟ ಇದು. 1897ರಲ್ಲಿ ವಿಕ್ಟೋರಿಯಾದ ಲೀಗ್ ಶುರುವಾದಾಗ ಒಂದು ಕಡೆಗೆ ಇಪ್ಪತ್ತು ಜನ ಆಡ್ತಿದ್ರು. 1899ರಲ್ಲಿ ಅದು ಹದಿನೆಂಟಕ್ಕೆ ಇಳಿಯಿತು. ಆ ಹದಿನೆಂಟು ಇವತ್ತಿಗೂ ಬದಲಾಗಿಲ್ಲ. 1990ರಲ್ಲಿ ಆ ಲೀಗ್ ಇಡೀ ದೇಶದ್ದಾಗಿ ಎಎಫ್ಎಲ್ ಅನ್ನೋ ಹೆಸರು ಪಡೆಯಿತು.

ಈಗ ಪಟ್ಟಿಯ ವಿಷಯಕ್ಕೆ ಬರೋಣ. ಪೇಪರಿನಲ್ಲಿ ತಂಡವನ್ನ ಅಚ್ಚು ಹಾಕುವ ರೀತಿಯೇ ಒಂದು ಸೊಗಸು. ಹದಿನೆಂಟು ಹೆಸರನ್ನ ಮೂರು ಮೂರರಂತೆ ಆರು ಸಾಲಿನಲ್ಲಿ ಬರೀತಾರೆ. ಹಿಂದಿನ ಸಾಲು, ಅರ್ಧ ಹಿಂದಿನ ಸಾಲು, ನಡುವಿನ ಸಾಲು, ಅರ್ಧ ಮುಂದಿನ ಸಾಲು, ಮುಂದಿನ ಸಾಲು, ಕೊನೆಗೆ ಚೆಂಡಿನ ಹಿಂದೆ ಓಡುವ ಮೂವರು. ಒಂದು ತಂಡದ ಹಿಂದಿನ ಸಾಲಿನ ಎದುರಿಗೆ ಇನ್ನೊಂದು ತಂಡದ ಮುಂದಿನ ಸಾಲು. ಎರಡು ಪಟ್ಟಿಯನ್ನ ಒಂದರ ಪಕ್ಕ ಒಂದಿಟ್ಟರೆ ಯಾರ ಎದುರು ಯಾರು ಅಂತ ತಾನಾಗಿ ಕಾಣುತ್ತೆ. ಮೈಸೂರು ದಸರಾದಲ್ಲಿ ಕುಸ್ತಿಗೆ ಮೊದಲು ಪೈಲ್ವಾನರ ಜೋಡಿ ಕಟ್ಟುತ್ತಾರಲ್ಲ, ಇದೂ ಹಾಗೇ. ವ್ಯತ್ಯಾಸ ಇಷ್ಟೇ, ಇಲ್ಲಿ ಒಂದೇ ಮಣ್ಣಿನ ಮೇಲೆ ಏಕಕಾಲಕ್ಕೆ ಹದಿನೆಂಟು ಜೋಡಿ. ಅದರಲ್ಲಿ ಒಂದು ಜೋಡಿ ತಪ್ಪಿದರೂ ಪಂದ್ಯ ಕೈ ಬಿಡಬಹುದು. ಹಾಗಾಗಿ ಜೋಡಿ ಕಟ್ಟುವ ಕೆಲಸವನ್ನ ಕೋಚ್ ಒಬ್ಬನಿಗೇ ಬಿಟ್ಟುಕೊಡೋಕೆ ಅಭಿಮಾನಿಗಳು ತಯಾರಿಲ್ಲ!

ಟಿವಿ ಬಂದ ಮೇಲೆ ಇದೊಂದು ಕಾರ್ಯಕ್ರಮವೇ ಆಯ್ತು. 1970ರ ದಶಕದಲ್ಲಿ ಗುರುವಾರ ರಾತ್ರಿ ಚಾನೆಲ್ ಸೆವೆನ್‌ನಲ್ಲಿ 'ಲೀಗ್ ಟೀಮ್ಸ್' ಅಂತ ಬರ್ತಿತ್ತು. ರಿಚ್ಮಂಡ್‌ನ ಜ್ಯಾಕ್ ಡೈಯರ್, ಕಾಲಿಂಗ್‌ವುಡ್‌ನ ಲೂ ರಿಚರ್ಡ್ಸ್, ಜೀಲಾಂಗ್‌ನ ಬಾಬ್ ಡೇವಿಸ್, ಮೂವರೂ ಹಳೇ ಕ್ಯಾಪ್ಟನ್‌ಗಳು. ಕೆಲಸ ಏನಪ್ಪಾ ಅಂದ್ರೆ ಶನಿವಾರದ ತಂಡಗಳ ಹೆಸರು ಓದೋದು. ಹೆಸರು ಓದೋದಕ್ಕಿಂತ ಒಬ್ಬರನ್ನೊಬ್ಬರು ಕಾಲೆಳೆಯೋದೇ ಜಾಸ್ತಿ. ಆ ಕಾಲದವರು ಇವತ್ತಿಗೂ ಅದನ್ನ ನೆನೆಸಿಕೊಂಡು ನಗ್ತಾರೆ. ಹೆಸರಿನ ಪಟ್ಟಿ ಓದೋದನ್ನ ನೋಡೋಕೆ ಊರಿಗೆ ಊರೇ ಕೂರುತ್ತೆ ಅಂದ್ರೆ ಆ ಪಟ್ಟಿಯ ತೂಕ ಎಷ್ಟಿರಬೇಕು ನೋಡಿ.

ಆ ತೂಕಕ್ಕೆ ಒಂದು ಕಾರಣ ನಿಯಮದಲ್ಲೇ ಇದೆ. 1930ರ ತನಕ ಬದಲಿ ಆಟಗಾರ ಅನ್ನೋನೇ ಇರಲಿಲ್ಲ. ಹದಿನೆಂಟು ಜನರಲ್ಲಿ ಒಬ್ಬನಿಗೆ ಮೊದಲ ಹತ್ತು ನಿಮಿಷದಲ್ಲಿ ಕಾಲು ಮುರೀತಾ? ಉಳಿದ ಹದಿನೇಳು ಜನ ಆಡಬೇಕು, ಅಷ್ಟೇ. ಹಾಗಿರುವಾಗ ಅರೆಬರೆ ವಾಸಿಯಾದವನನ್ನ ಇಳಿಸೋದು ಜೂಜು. 1930ರಲ್ಲಿ ಹತ್ತೊಂಬತ್ತನೆಯವ ಬಂದ, 1946ರಲ್ಲಿ ಇಪ್ಪತ್ತನೆಯವ. ಆದ್ರೆ ಒಮ್ಮೆ ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿರಲಿಲ್ಲ. ಬೇಕಾದಾಗ ಹೊರಗೆ ಹೋಗಿ ಸುಧಾರಿಸಿಕೊಂಡು ಮತ್ತೆ ಬರುವ ಇಂಟರ್‌ಚೇಂಜ್ ಪದ್ಧತಿ ಬಂದಿದ್ದು 1978ರಲ್ಲಿ, ಇಬ್ಬರ ಬೆಂಚಿನೊಂದಿಗೆ. 1994ರಲ್ಲಿ ಅದು ಮೂರಾಯ್ತು, 1998ರಲ್ಲಿ ನಾಲ್ಕು. ಆಮೇಲೆ 'ಸಬ್' ಅನ್ನೋ ಬದಲಿಯನ್ನ ತರೋದು, ತೆಗೆಯೋದು, ಮತ್ತೆ ತರೋದು ನಡೀತಾನೇ ಇದೆ. ಪ್ರತಿ ಸಲ ನಿಯಮ ಬದಲಾದಾಗಲೂ ಗುರುವಾರದ ಜಗಳದ ವಿಷಯವೂ ಬದಲಾಯ್ತು.

1951ನ್ನೇ ತಗೊಳ್ಳಿ. ಎಸೆಂಡನ್ ತಂಡ 1949, 1950 ಎರಡೂ ವರ್ಷ ಗೆದ್ದಿತ್ತು. ಅವರ ಫುಲ್ ಫಾರ್ವರ್ಡ್ ಜಾನ್ ಕೋಲ್ಮನ್ ಅಂದ್ರೆ ಜನಕ್ಕೆ ಹುಚ್ಚು. 1949ರಲ್ಲಿ ಮೊಟ್ಟಮೊದಲ ಪಂದ್ಯದಲ್ಲೇ ಹನ್ನೆರಡು ಗೋಲು, ಆ ವರ್ಷ ಒಟ್ಟು ನೂರು. 1951ರ ಲೀಗ್ ಹಂತದ ಕೊನೆಯ ಪಂದ್ಯದಲ್ಲಿ ಕಾರ್ಲ್‌ಟನ್‌ನ ಹ್ಯಾರಿ ಕ್ಯಾಸ್ಪರ್ ಕೆಣಕಿದ್ದಕ್ಕೆ ಇವನು ತಿರುಗಿ ಹೊಡೆದ. ಇಬ್ಬರಿಗೂ ನಾಲ್ಕು ವಾರ ನಿಷೇಧ. ಕೋಲ್ಮನ್ ವಿಚಾರಣೆಯಿಂದ ಅಳುತ್ತಾ ಹೊರಬಂದ, ಫೈನಲ್ ಪಂದ್ಯಗಳೆಲ್ಲಾ ತಪ್ಪಿಹೋದವು. ಎಸೆಂಡನ್‌ನ ಡಿಕ್ ರೆನಾಲ್ಡ್ಸ್, ಮೂರು ಸಲ ಬ್ರೌನ್‌ಲೋ ಪದಕ ಗೆದ್ದವನು, ಆಡೋದು ಬಿಟ್ಟು ಬರೀ ಕೋಚ್ ಆಗಿದ್ದ. ಆತ ಗ್ರ್ಯಾಂಡ್ ಫೈನಲ್‌ಗೆ ಮೂವತ್ತಾರನೇ ವಯಸ್ಸಿನಲ್ಲಿ ಮತ್ತೆ ಬೂಟು ಕಟ್ಟಿ ಇಪ್ಪತ್ತನೆಯವನಾಗಿ ಕೂತ, ಮೈದಾನಕ್ಕೂ ಇಳಿದ. ಆದರೂ ಜೀಲಾಂಗ್ 81, ಎಸೆಂಡನ್ 70. ಹನ್ನೊಂದು ಅಂಕ, ಅಂದ್ರೆ ಎರಡು ಗೋಲಿಗಿಂತ ಒಂದು ಅಂಕ ಕಡಿಮೆ. ಕೋಲ್ಮನ್ ಇದ್ದಿದ್ದರೆ? ಈ ಪ್ರಶ್ನೆಗೆ ಎಪ್ಪತ್ತು ವರ್ಷ ದಾಟಿದೆ, ಎಸೆಂಡನ್ ಮನೆಗಳಲ್ಲಿ ಇನ್ನೂ ಸತ್ತಿಲ್ಲ.

ಹತ್ತೊಂಬತ್ತನೆಯವನ ಕಥೆಗೆ 1970ಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಕಾರ್ಲ್‌ಟನ್ ಮತ್ತು ಕಾಲಿಂಗ್‌ವುಡ್, ಎಂಸಿಜಿಯಲ್ಲಿ 1,21,696 ಜನ. ಅರ್ಧ ಆಟಕ್ಕೆ ಕಾಲಿಂಗ್‌ವುಡ್ 44 ಅಂಕ ಮುಂದೆ. ಕಾರ್ಲ್‌ಟನ್ ಕೋಚ್ ರಾನ್ ಬರಾಸಿ ಆಗ ಬೆಂಚಿನಲ್ಲಿ ಕೂತಿದ್ದ ಟೆಡ್ ಹಾಪ್ಕಿನ್ಸ್ ಅನ್ನೋ ಸಣ್ಣ ಆಳನ್ನ ಇಳಿಸಿದ. ಒಮ್ಮೆ ಬದಲಿ ಇಳಿಸಿದರೆ ವಾಪಸ್ ತಗೊಳ್ಳೋ ಹಾಗಿಲ್ಲ, ನೆನಪಿರಲಿ. ಹಾಪ್ಕಿನ್ಸ್ ನಾಲ್ಕು ಗೋಲು ಹೊಡೆದ, ಕಾರ್ಲ್‌ಟನ್ 111-101ರಲ್ಲಿ ಗೆದ್ದಿತು. ಗುರುವಾರದ ಪಟ್ಟಿಯಲ್ಲಿ ಯಾರ ಕಣ್ಣೂ ನಿಲ್ಲದ ಹೆಸರು ಶನಿವಾರ ಸಂಜೆ ಎಲ್ಲರ ಬಾಯಲ್ಲಿ. ಈ ಮನುಷ್ಯ ಜೀವನದಲ್ಲಿ ಆಡಿದ್ದೇ 29 ಪಂದ್ಯ. ಇನ್ನೂ ತಮಾಷೆ ಮುಂದಿದೆ. ಇದೇ ಹಾಪ್ಕಿನ್ಸ್ 1990ರ ದಶಕದಲ್ಲಿ ಚಾಂಪಿಯನ್ ಡೇಟಾ ಅನ್ನೋ ಅಂಕಿ-ಅಂಶದ ಕಂಪನಿ ಕಟ್ಟಿದ. ಯಾರು ಎಷ್ಟು ಸಲ ಚೆಂಡು ಹಿಡಿದ, ಯಾರು ಎಷ್ಟು ಸಲ ಎದುರಾಳಿಯಿಂದ ಕಸಿದ ಅಂತೆಲ್ಲಾ ಇವತ್ತು ಅಭಿಮಾನಿಗಳು ಜಗಳಕ್ಕೆ ತರೋ ಲೆಕ್ಕ ಬಹುಪಾಲು ಅಲ್ಲಿಂದಲೇ ಬರೋದು. ಲೆಕ್ಕಕ್ಕೇ ಸಿಗದೆ ಬಂದು ಪಂದ್ಯ ಗೆಲ್ಲಿಸಿದವನೇ ಲೆಕ್ಕ ಇಡೋದನ್ನ ಕಲಿಸಿದ!

ಜೋಡಿಯ ಮಾತಿಗೆ ಬಂದ್ರೆ ಹಳಬರು 1995ರ ಹೆಸರು ಹೇಳ್ತಾರೆ. ಜೀಲಾಂಗ್‌ನ ಗ್ಯಾರಿ ಆಬ್ಲೆಟ್ 1993ರಿಂದ ಸತತ ಮೂರು ವರ್ಷ ನೂರಕ್ಕೂ ಹೆಚ್ಚು ಗೋಲು ಹೊಡೆದವನು. ಎದುರಿಗೆ ಕಾರ್ಲ್‌ಟನ್‌ನ ಫುಲ್ ಬ್ಯಾಕ್ ಸ್ಟೀಫನ್ ಸಿಲ್ವಾಗ್ನಿ. ಇಡೀ ಪಂದ್ಯ ಈ ಒಂದು ಜೋಡಿಯ ಮೇಲೆ ನಿಂತಿದೆ ಅನ್ನೋ ಮಾತು. ಆಬ್ಲೆಟ್‌ಗೆ ಒಂದೇ ಒಂದು ಗೋಲೂ ಸಿಗಲಿಲ್ಲ, ಕಾರ್ಲ್‌ಟನ್ 61 ಅಂಕದಿಂದ ಗೆದ್ದಿತು. 2017ರಲ್ಲಿ ರಿಚ್ಮಂಡ್ ಮಾಡಿದ್ದು ಇನ್ನೂ ಧೈರ್ಯದ ಕೆಲಸ. ಅಡಿಲೇಡ್‌ನ ರೋರಿ ಸ್ಲೋನ್‌ನಂಥ ಅನುಭವಿಯನ್ನ ಕಟ್ಟಿಹಾಕೋಕೆ ಜ್ಯಾಕ್ ಗ್ರಹಾಂ ಅನ್ನೋ ಹುಡುಗನನ್ನ ಹಚ್ಚಿದರು. ಅವನಿಗೆ ಅದು ಐದನೇ ಪಂದ್ಯ, ಅಷ್ಟೇ. ಅವನು ಸ್ಲೋನ್‌ನನ್ನ ಕಟ್ಟಿಹಾಕಿದ್ದಲ್ಲದೆ ತಾನೇ ಮೂರು ಗೋಲು ಹೊಡೆದ. ರಿಚ್ಮಂಡ್ 108-60ರಲ್ಲಿ, 1980ರ ನಂತರ ಮೊದಲ ಸಲ, ಕಪ್ ಎತ್ತಿತು.

ಜೋಡಿ ಎಷ್ಟೇ ಲೆಕ್ಕ ಹಾಕಿ ಕಟ್ಟಿದರೂ ಯಾವನೋ ಒಬ್ಬ ಹೊರಗಿನಿಂದ ಬಂದು ಕೆಡಿಸಿಬಿಡ್ತಾನೆ ಅನ್ನೋದಕ್ಕೆ 1997 ಸಾಕ್ಷಿ. ಆ ವರ್ಷ ಅತಿ ಹೆಚ್ಚು ಗೋಲು ಹೊಡೆದು ಕೋಲ್ಮನ್ ಪದಕ ಗೆದ್ದ ಅಡಿಲೇಡ್‌ನ ಟೋನಿ ಮೊಡ್ರಾ ಸೆಮಿಫೈನಲ್‌ನಂಥ ಹಿಂದಿನ ವಾರದ ಪಂದ್ಯದಲ್ಲಿ ಮಂಡಿ ಮುರಿದುಕೊಂಡ. ಅಡಿಲೇಡ್ ಕಥೆ ಮುಗೀತು ಅಂದವರೇ ಹೆಚ್ಚು. ಅಲ್ಲಿಯವರೆಗೆ ಹಿಂದಿನ ಸಾಲಿನಲ್ಲಿ ಆಡಿಕೊಂಡಿದ್ದ ಶೇನ್ ಎಲೆನ್‌ನನ್ನ ಮುಂದಕ್ಕೆ ತಂದರು. ಅವನು ಐದು ಗೋಲು ಹೊಡೆದ! ಡ್ಯಾರನ್ ಜಾರ್ಮನ್ ಆರು ಹೊಡೆದ, ಅದರಲ್ಲಿ ಐದು ಕೊನೆಯ ಕ್ವಾರ್ಟರ್‌ನಲ್ಲಿ. ಸೇಂಟ್ ಕಿಲ್ಡಾ 31 ಅಂಕದಿಂದ ಸೋತಿತು. ಗುರುವಾರ ಎಲೆನ್ ಬಗ್ಗೆ ಯಾರಾದ್ರೂ ಭವಿಷ್ಯ ಹೇಳಿದ್ದರೆ ಅವರನ್ನ ನಗಾಡಿ ಕಳಿಸ್ತಿದ್ರು.

ಇಷ್ಟೆಲ್ಲಾ ಕೇಳಿದ ಮೇಲೆ ಇದೊಂದು ಚದುರಂಗ, ಬುದ್ಧಿವಂತರ ಆಟ ಅನ್ನಿಸಬಹುದು. ಆದರೆ ನನ್ನನ್ನ ಕಾಡೋದು ಚದುರಂಗ ಅಲ್ಲ, ಪಟ್ಟಿಯಿಂದ ಹೊರಗುಳಿದ ಹೆಸರುಗಳು.

1993ರಲ್ಲಿ ಎಸೆಂಡನ್‌ನ ಡೆರೆಕ್ ಕಿಕೆಟ್ ಆ ಋತುವಿನ ಪ್ರತಿಯೊಂದು ಪಂದ್ಯವನ್ನೂ ಆಡಿದ್ದ. ತಿಂಗಳುಗಟ್ಟಲೆ ಚಳಿಯಲ್ಲಿ, ಕೆಸರಲ್ಲಿ, ಒಂದನ್ನೂ ತಪ್ಪಿಸದೆ. ಗ್ರ್ಯಾಂಡ್ ಫೈನಲ್ ವಾರ ಕೋಚ್ ಕೆವಿನ್ ಶೀಡಿ ಅವನ ಹೆಸರು ಕೈಬಿಟ್ಟ. ಗಾಯ ಇಲ್ಲ, ನಿಷೇಧ ಇಲ್ಲ. ಆ ತಂಡದಲ್ಲಿ ಇನ್ನೂ ಶಾಲೆಗೆ ಹೋಗ್ತಿದ್ದ ಡಸ್ಟಿನ್ ಫ್ಲೆಚರ್ ಇದ್ದ, ನಿವೃತ್ತಿಯಿಂದ ವಾಪಸ್ ಬಂದ ಟಿಮ್ ವಾಟ್ಸನ್ ಇದ್ದ, ಕಿಕೆಟ್‌ಗೆ ಮಾತ್ರ ಜಾಗ ಇರಲಿಲ್ಲ. ಎಸೆಂಡನ್ ಕಾರ್ಲ್‌ಟನ್ ಮೇಲೆ 44 ಅಂಕದಿಂದ ಗೆದ್ದಿತು. ಫಲಿತಾಂಶ ನೋಡಿದರೆ ಕೋಚ್ ಸರಿ, ಬೇರೆ ಮಾತಿಲ್ಲ. ಆದರೆ ಕಿಕೆಟ್ ಆ ಕ್ಲಬ್ಬಿನಲ್ಲಿ ನಿಲ್ಲಲಿಲ್ಲ, ಸಿಡ್ನಿಗೆ ಹೋದ. ಶೀಡಿ ಜೊತೆ ವರ್ಷಗಟ್ಟಲೆ ಮಾತು ಬಿಟ್ಟ. 1996ರಲ್ಲಿ ಸಿಡ್ನಿ ಪರ ಕೊನೆಗೂ ಒಂದು ಗ್ರ್ಯಾಂಡ್ ಫೈನಲ್ ಆಡಿದ, ಅದರಲ್ಲಿ ಸೋತ. ಅದೇ ಅವನ ಕೊನೆಯ ಪಂದ್ಯ.

2010ರದ್ದು ಇನ್ನೂ ವಿಚಿತ್ರ. ಕಾಲಿಂಗ್‌ವುಡ್ ಮತ್ತು ಸೇಂಟ್ ಕಿಲ್ಡಾ 68-68 ಸಮ. ಆಗಿನ ನಿಯಮದ ಪ್ರಕಾರ ಮುಂದಿನ ಶನಿವಾರ ಇಡೀ ಪಂದ್ಯ ಮತ್ತೆ ಆಡಬೇಕು. (1948, 1977ರಲ್ಲಿ ಹೀಗೇ ಆಗಿತ್ತು. 2016ರಲ್ಲಿ ಈ ನಿಯಮ ತೆಗೆದು ಹೆಚ್ಚುವರಿ ಸಮಯ ತಂದರು.) ಅಂದ್ರೆ ಒಂದೇ ಫೈನಲ್‌ಗೆ ಎರಡು ಗುರುವಾರ! ಕಾಲಿಂಗ್‌ವುಡ್ ಮೊದಲ ಪಂದ್ಯ ಆಡಿದ್ದ ಲಿಯಾನ್ ಡೇವಿಸ್‌ನನ್ನ ಕೈಬಿಟ್ಟು ಟೈಸನ್ ಗೋಲ್ಡ್‌ಸ್ಯಾಕ್‌ನನ್ನ ತಗೊಂಡಿತು. ಎರಡನೇ ಪಂದ್ಯದ ಮೊದಲ ಗೋಲು ಗೋಲ್ಡ್‌ಸ್ಯಾಕ್‌ನದೇ. ಕಾಲಿಂಗ್‌ವುಡ್ 108-52ರಲ್ಲಿ ಗೆದ್ದಿತು. ಡೇವಿಸ್ ಮುಂದಿನ ವರ್ಷದ ಗ್ರ್ಯಾಂಡ್ ಫೈನಲ್ ಆಡಿದ, ಆ ಸಲ ಕಾಲಿಂಗ್‌ವುಡ್ ಸೋತಿತು. ಇದನ್ನ ಏನಂತ ಕರೀಬೇಕು? ಅನ್ಯಾಯ ಅನ್ನೋಣ ಅಂದ್ರೆ ತಂಡ ಗೆದ್ದಿದೆ. ನ್ಯಾಯ ಅನ್ನೋಣ ಅಂದ್ರೆ ಬಾಯಿ ಬರಲ್ಲ.

ಹಾಗೆ ನೋಡಿದ್ರೆ ಈ ಆಟದ ಕ್ರೂರ ನಿಯಮ ಇರೋದೇ ಇಲ್ಲಿ. ಗೆದ್ದ ತಂಡದ ಪದಕ ಆ ದಿನ ಆಡಿದವರಿಗೆ ಮಾತ್ರ. ಇಡೀ ವರ್ಷ ಬೆವರು ಸುರಿಸಿ ಆ ಒಂದು ಶನಿವಾರ ಸ್ಟ್ಯಾಂಡ್‌ನಲ್ಲಿ ಕೂತಿದ್ದರೆ ಕೊರಳು ಖಾಲಿ. ಒಂದೇ ಪಂದ್ಯ ಆಡಿದ್ದರೂ, ಅದು ಆ ಶನಿವಾರದ್ದಾಗಿದ್ದರೆ, ಪದಕ ನಿಮ್ಮದು. ಉತ್ಪ್ರೇಕ್ಷೆ ಅಲ್ಲ, ಹಾಗೆ ನಡೆದಿದೆ. 2019ರಲ್ಲಿ ರಿಚ್ಮಂಡ್‌ನ ಮಾರ್ಲಿಯನ್ ಪಿಕೆಟ್ ತನ್ನ ಮೊಟ್ಟಮೊದಲ ಎಎಫ್ಎಲ್ ಪಂದ್ಯ ಆಡಿದ್ದೇ ಗ್ರ್ಯಾಂಡ್ ಫೈನಲ್‌ನಲ್ಲಿ. 1952ರಲ್ಲಿ ಕಾಲಿಂಗ್‌ವುಡ್‌ನ ಕೀತ್ ಬ್ಯಾಚೆಲರ್ ಹಾಗೆ ಶುರು ಮಾಡಿದ ಮೇಲೆ ಅಲ್ಲಿಯವರೆಗೆ ಬೇರೆ ಯಾರೂ ಹಾಗೆ ಶುರು ಮಾಡಿರಲಿಲ್ಲ. ಪಿಕೆಟ್ ಹರೆಯದಲ್ಲಿ ಜೈಲು ಕಂಡು ಬಂದವನು, ಇಪ್ಪತ್ತೇಳನೇ ವಯಸ್ಸಿನಲ್ಲಿ ಋತುವಿನ ಮಧ್ಯದಲ್ಲಿ ಕ್ಲಬ್ ಸೇರಿದವನು. ಅವನಿಗೆ ಜಾಗ ಸಿಕ್ಕಿದ್ದು ಯಾರು ಹೊರಬಿದ್ದಿದ್ದಕ್ಕೆ ಗೊತ್ತಾ? 2017ರ ಹೀರೋ ಅದೇ ಜ್ಯಾಕ್ ಗ್ರಹಾಂ! ಹಿಂದಿನ ವಾರ ಭುಜ ಕಳಚಿದರೂ ಪಂದ್ಯ ಮುಗಿಸಿ, ತಂಡವನ್ನ ಫೈನಲ್‌ಗೆ ದಾಟಿಸಿ, ತಾನು ಹೊರಗುಳಿದ. ರಿಚ್ಮಂಡ್ 89 ಅಂಕದಿಂದ ಗೆದ್ದಿತು, ಪಿಕೆಟ್ ಒಂದು ಗೋಲೂ ಹೊಡೆದ. ಗ್ರಹಾಂಗೆ 2020ರಲ್ಲಿ ಇನ್ನೊಂದು ಪದಕ ಸಿಕ್ಕಿತು ಅನ್ನೋದು ಸಮಾಧಾನ.

ಎಲ್ಲರಿಗೂ ಹಾಗೆ ಇನ್ನೊಂದು ಸಿಗಲ್ಲ. ವೆಸ್ಟರ್ನ್ ಬುಲ್‌ಡಾಗ್ಸ್‌ನ ಬಾಬ್ ಮರ್ಫಿ 312 ಪಂದ್ಯ ಆಡಿದವನು. 2016ರಲ್ಲಿ ಕ್ಯಾಪ್ಟನ್ ಆಗಿದ್ದ, ಮೂರನೇ ವಾರಕ್ಕೇ ಮಂಡಿ ಹೋಯ್ತು. ಆ ವರ್ಷವೇ ಅವನ ತಂಡ, 1954ರ ನಂತರ ಮೊದಲ ಸಲ, ಸಿಡ್ನಿಯನ್ನ 89-67ರಲ್ಲಿ ಸೋಲಿಸಿ ಕಪ್ ಗೆದ್ದಿತು. ಗೆದ್ದ ತಂಡದ ಕೋಚ್‌ಗೆ ಜಾಕ್ ಮೆಕ್‌ಹೇಲ್ ಪದಕ ಕೊಡ್ತಾರೆ. ಲೂಕ್ ಬೆವರಿಜ್ ಅದನ್ನ ತಗೊಂಡವನು ಮರ್ಫಿಯನ್ನ ವೇದಿಕೆಗೆ ಕರೆದು ಅವನ ಕೊರಳಿಗೆ ಹಾಕಿಬಿಟ್ಟ. ಆ ದೃಶ್ಯ ನೋಡಿ ಕಣ್ಣೊರೆಸಿಕೊಳ್ಳದ ಜನ ಈ ಊರಲ್ಲಿ ಕಡಿಮೆ, ಸಿಡ್ನಿ ಅಭಿಮಾನಿಗಳನ್ನೂ ಸೇರಿಸಿ. ಮರ್ಫಿ 2017ರಲ್ಲಿ ನಿವೃತ್ತನಾದ. ಒಂದು ಗ್ರ್ಯಾಂಡ್ ಫೈನಲ್ ಕೂಡ ಆಡದೆ.

ಇದೆಲ್ಲಾ ಗೊತ್ತಿರೋದರಿಂದಲೇ ಪೂರ್ತಿ ವಾಸಿಯಾಗದವನೂ "ನಾನು ಆಡ್ತೀನಿ" ಅಂತಾನೆ, ಕೋಚ್‌ಗೂ ಇಲ್ಲ ಅನ್ನೋಕೆ ಮನಸ್ಸು ಬರಲ್ಲ. 2022ರ ವಾರ ಎರಡೂ ಕಡೆ ಇದೇ ಪ್ರಶ್ನೆ ಇತ್ತು. ಜೀಲಾಂಗ್‌ನ ಇಪ್ಪತ್ತು ವರ್ಷದ ಮ್ಯಾಕ್ಸ್ ಹೋಮ್ಸ್‌ಗೆ ಹಿಂದಿನ ವಾರ ತೊಡೆಯ ಹಿಂಭಾಗದ ಸ್ನಾಯು ಎಳೆದಿತ್ತು. ಸಿಡ್ನಿಯ ಸ್ಯಾಮ್ ರೀಡ್‌ಗೆ ತೊಡೆಸಂದಿಯ ಸ್ನಾಯು. ಜೀಲಾಂಗ್ ಹೋಮ್ಸ್‌ನನ್ನ ಬಿಟ್ಟಿತು, ಸಿಡ್ನಿ ರೀಡ್‌ನನ್ನ ಇಳಿಸಿತು. ರೀಡ್ ಪಂದ್ಯ ಮುಗಿಸಲಾಗದೆ ಹೊರಗೆ ಬಂದ. ಜೀಲಾಂಗ್ 133, ಸಿಡ್ನಿ 52. ಒಬ್ಬನಿಂದ 81 ಅಂಕದ ಸೋಲಾಗಲ್ಲ, ಅದು ಎಲ್ಲರಿಗೂ ಗೊತ್ತು. ಆದ್ರೂ ಸಿಡ್ನಿಯವರು ಬೈಯೋಕೆ ಶುರು ಮಾಡೋದು ಅಲ್ಲಿಂದಲೇ. ಇನ್ನು 2025ರಲ್ಲಿ ಬ್ರಿಸ್ಬೇನ್‌ನ ಲಾಕಿ ನೀಲ್ ಮೀನಖಂಡದ ಗಾಯದಿಂದ ಋತುವೇ ಮುಗೀತು ಅನ್ನಿಸಿಕೊಂಡಿದ್ದವನು. ಅವನನ್ನ ಮೊದಲಿಗೇ ಇಳಿಸದೆ ಸಬ್ ಆಗಿ ಕೂರಿಸಿದರು, ಆಟದ ನಡುವೆ ಬಂದ, ಬ್ರಿಸ್ಬೇನ್ ಜೀಲಾಂಗ್ ಮೇಲೆ 47 ಅಂಕದಿಂದ ಗೆದ್ದಿತು. ಒಂದು ಕಡೆ ಧೈರ್ಯ ಮೂರ್ಖತನ ಆಯ್ತು, ಇನ್ನೊಂದು ಕಡೆ ಜಾಣತನ. ಎರಡಕ್ಕೂ ವ್ಯತ್ಯಾಸ ಶನಿವಾರ ಸಂಜೆಯೇ ತಿಳಿಯೋದು.

ಯಾರೋ ಒಬ್ಬನ ತಪ್ಪು ಇನ್ನೊಬ್ಬನ ಬಾಗಿಲು ತೆಗೆಯೋದೂ ಇದೆ. 2018ರಲ್ಲಿ ವೆಸ್ಟ್ ಕೋಸ್ಟ್‌ನ ಆಂಡ್ರ್ಯೂ ಗ್ಯಾಫ್ ಎದುರಾಳಿ ಹುಡುಗನ ದವಡೆ ಮುರಿಯುವ ಹಾಗೆ ಗುದ್ದಿ ಎಂಟು ವಾರ ನಿಷೇಧಕ್ಕೊಳಗಾದ. ತಂಡದೊಳಗೆ ಹೊರಗೆ ಓಡಾಡಿಕೊಂಡಿದ್ದ ಡಾಮ್ ಶೀಡ್‌ಗೆ ಖಾಯಂ ಜಾಗ ಸಿಕ್ತು. ಫೈನಲ್‌ನ ಕೊನೆಯ ನಿಮಿಷಗಳಲ್ಲಿ, ಗಡಿಗೆರೆಯ ಹತ್ತಿರದ ಕಷ್ಟದ ಮೂಲೆಯಿಂದ ಗೋಲು ಒದ್ದು ಕಾಲಿಂಗ್‌ವುಡ್‌ನಿಂದ ಕಪ್ ಕಸಿದದ್ದು ಅದೇ ಶೀಡ್. 79-74. ಗ್ಯಾಫ್ ಸುಮ್ಮನಿದ್ದಿದ್ದರೆ ಆ ಮೂಲೆಯಲ್ಲಿ ಯಾರು ನಿಂತಿರ್ತಿದ್ದರು?

ಕೋಚ್‌ಗಳ ಬಳಿ ಇವತ್ತು ಡಾಕ್ಟರು, ಲೆಕ್ಕದವರು, ಕಂಪ್ಯೂಟರು ಎಲ್ಲಾ ಇದೆ. ಅಭಿಮಾನಿಗಳ ಬಳಿ ಏನೂ ಇಲ್ಲ. ಮೇಲಾಗಿ ಗುರುವಾರ ಕೊಟ್ಟ ಪಟ್ಟಿಯಲ್ಲಿ ಯಾರನ್ನ ಯಾವ ಸಾಲಿನಲ್ಲಿ ಬರೆದಿದ್ದಾರೋ ಅವರು ಅಲ್ಲೇ ಆಡ್ತಾರೆ ಅನ್ನೋ ಭರವಸೆಯೂ ಇಲ್ಲ, ಎದುರಾಳಿಯನ್ನ ಯಾಮಾರಿಸೋಕೆ ಬರೆದ ಸಾಲೂ ಇರುತ್ತೆ. ಇದು ಗೊತ್ತಿದ್ದೂ ಜನ ಆ ಆರು ಸಾಲನ್ನ ಜಾತಕದ ಹಾಗೆ ಓದ್ತಾರೆ.

ಒಂದು ಕಾಲಕ್ಕೆ ನನಗೆ ಇದು ಕೆಲಸವಿಲ್ಲದವರ ಚರ್ಚೆ ಅನ್ನಿಸ್ತಿತ್ತು. ಈಗ ಹಾಗನ್ನಿಸಲ್ಲ. ಸ್ವಲ್ಪ ಹೊತ್ತು ಕೇಳಿಸಿಕೊಂಡ್ರೆ ಅವರು ವಾದ ಮಾಡ್ತಿರೋದು ತಂತ್ರದ ಬಗ್ಗೆ ಅಷ್ಟೇ ಅಲ್ಲ ಅಂತ ಗೊತ್ತಾಗುತ್ತೆ. ವರ್ಷವಿಡೀ ದುಡಿದವನಿಗೆ ಫಸಲಿನ ದಿನ ಪಾಲು ಬೇಡವಾ? ದುಡಿಮೆಗೆ ಗೌರವ ಕೊಡಬೇಕೋ, ಅಥವಾ ಆ ದಿನಕ್ಕೆ ಯಾರು ಒದಗುತ್ತಾರೋ ಅವರನ್ನ ಆರಿಸಬೇಕೋ? ಇದು ನಮ್ಮ ಆಫೀಸುಗಳಲ್ಲೂ, ಮನೆಗಳಲ್ಲೂ ದಿನಾ ಬರೋ ಪ್ರಶ್ನೆ, ಅಲ್ವಾ? ನಮ್ಮಲ್ಲಿ ಅದನ್ನ ಬಾಯಿ ಬಿಟ್ಟು ಕೇಳೋದು ಕಷ್ಟ. ಇಲ್ಲಿ ಮಾತ್ರ ವರ್ಷಕ್ಕೊಮ್ಮೆ ಇಡೀ ಊರು, ಟ್ರ್ಯಾಮಿನಲ್ಲಿ, ಮಾಂಸದಂಗಡಿ ಮುಂದೆ, ಲಿಫ್ಟಿನಲ್ಲಿ, ಅದನ್ನ ಗಟ್ಟಿಯಾಗಿ ಕೇಳುತ್ತೆ. ಕೋಚ್ ಒಂದು ಉತ್ತರ ಬರೆದು ಕೊಡ್ತಾನೆ. ಶನಿವಾರ ಗೆದ್ದರೆ ಅವನ ಉತ್ತರ ಸರಿ, ಸೋತರೆ ತಪ್ಪು.

ನನ್ನ ಪ್ರಕಾರ ಅಷ್ಟು ಸುಲಭ ಇಲ್ಲ. 1993ರ ಪಟ್ಟಿ ಕಪ್ ತಂದುಕೊಟ್ಟಿತು, ಕಿಕೆಟ್‌ಗೆ ಉತ್ತರ ಕೊಡಲಿಲ್ಲ. ಗೆಲುವು ಎಲ್ಲಾ ಪ್ರಶ್ನೆಗೂ ಉತ್ತರ ಅಲ್ಲ ಅಂತ ಬೆವರಿಜ್‌ಗೆ ಗೊತ್ತಿತ್ತು, ಅದಕ್ಕೇ ತನ್ನ ಕೊರಳಿನದನ್ನ ತೆಗೆದು ಕೊಟ್ಟ. ಇನ್ನು ನೀವು ಯಾವ ಕಡೆ, ದುಡಿದವನ ಕಡೆಯೋ ಒದಗಿದವನ ಕಡೆಯೋ, ನೀವೇ ಯೋಚಿಸಿ. ಮುಂದಿನ ಸೆಪ್ಟೆಂಬರ್‌ಗೆ ಇನ್ನೊಂದು ಪಟ್ಟಿ ಬರುತ್ತೆ, ಅದರಿಂದ ಒಂದು ಹೆಸರು ಹೊರಗುಳಿದೇ ಇರುತ್ತೆ.